ದಫೇದಾರರ ಮಾತಿಗೆ ಲಘು-ಗುರು

ಮದ್ದೂರು ಸ್ಟೇಷನ್ನಿನಲ್ಲಿ ಮೈಸೂರಿನ ರೈಲಿಗೆ ಕಾಯುತ್ತಾ ಓದುತ್ತಿದ್ದ ನನ್ನ ಕೈಯಿಂದ ಪೊಲೀಸ್ ದಫೇದಾರರೊಬ್ಬರು ನೋಟುಪುಸ್ತಕ ಕಿತ್ತುಕೊಂಡರು. ನಲವತ್ತೆರಡರ ಚಳವಳಿಯ ದಿನಗಳು. ತಂತಿ ಕತ್ತರಿಸುವವರಿಗಾಗಿ ಎಲ್ಲೆಡೆ ಹುಡುಕಾಟ ನಡೆದಿತ್ತು. ನಾನು ಕನ್ನಡ ಆನರ್ಸ್ ವಿದ್ಯಾರ್ಥಿ. ಛಂದಸ್ಸಿನಲ್ಲಿ ಒಮ್ಮೆ ನಪಾಸಾಗಿ, ಮರುದಿನ ಮತ್ತೆ ಪರೀಕ್ಷೆಗೆ ಕೂರಬೇಕಿತ್ತು. ನೋಟುಪುಸ್ತಕದ ತುಂಬ ಪದ್ಯಗಳು. ಪ್ರತಿ ಅಕ್ಷರದ ನೆತ್ತಿಯ ಮೇಲೂ ಪುಟ್ಟ ಬಟ್ಟಲಿನಂಥ ಗುರುತು, ಇಲ್ಲವೇ ಅಡ್ಡಗೆರೆ. ಇದೇನು ಗುಟ್ಟಿನ ಬರಹವೆಂದು ದಫೇದಾರರು ಗದರಿದರು.

“ಇದು ಲಘು, ಇದು ಗುರು. ಸೇರಿದರೆ ಗಣ ಆಗುತ್ತೆ ಸ್ವಾಮಿ,” ಎಂದೆ.

ಗಣ ಎಂದದ್ದೇ ತಪ್ಪಾಯಿತು. ಗುಂಪು ಕಟ್ಟಿದವನೇ ಸಿಕ್ಕಿಬಿದ್ದನೆಂದು ಅವರು ನನ್ನನ್ನು ಠಾಣೆಗೆ ನಡೆಸಿಕೊಂಡು ಹೋಗಿ, ಲಾಠಿಯಿಂದ ಮೇಜು ಕುಟ್ಟಿದರು.

“ಬೊಗಳಲಾ, ಯಾರವ್ನು, ಗುರುವೆಲ್ಲಿ ಅವಿತವ್ನೆ?”

ಜೈಲಿಗಿಂತ ರೈಲು ತಪ್ಪುವ ಭಯವೇ ನನಗೆ ಹೆಚ್ಚಾಗಿತ್ತು. ಬೇರೆ ದಾರಿ ಕಾಣದೆ ಅವರ ಮಾತನ್ನೇ ಪೆನ್ಸಿಲಿನಲ್ಲಿ ಬರೆದು, ಅದರ ಮೇಲೂ ಗುರುತು ಹಾಕಿದೆ. ಐದೈದು ಮಾತ್ರೆಯ ನಾಲ್ಕು ಗಣ, ಒಂದೂ ತಪ್ಪಿರಲಿಲ್ಲ. ನಿಮ್ಮ ಮಾತಿನಲ್ಲೂ ಇದೇ ಇದೆ ಎಂದು ಹಾಳೆಯನ್ನು ಅವರತ್ತ ತಿರುಗಿಸಿದೆ.

ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

“ಮೊದ್ಲು ಇದ ಅಳ್ಸಪ್ಪ. ಇನ್‌ಸ್ಪೆಕ್ಟ್ರು ನೋಡುದ್ರೆ ನನ್ನೂವೆ ಒಳಗಾಕ್ತಾರೆ.”

ರೈಲು ಸಿಕ್ಕಿತು, ಪರೀಕ್ಷೆಯೂ ಪಾಸಾಯಿತು. ಆದರೆ ಅಂದಿನಿಂದ ಯಾರಾದರೂ ನನ್ನ ಮೇಲೆ ರೇಗಿದರೆ ಬೆರಳು ತಾನಾಗಿ ಮಾತ್ರೆ ಎಣಿಸತೊಡಗುತ್ತದೆ. ಅದನ್ನು ಕಂಡರೆ ನನ್ನ ಹೆಂಡತಿಯ ಕೋಪ ಇಮ್ಮಡಿಯಾಗುತ್ತದೆ.