ತಪ್ಪಿದ ಚುಕ್ಕಿ

ಮಸ್ಕಿಯ ನಮ್ಮ ಓಣಿಯಲ್ಲಿ ಗಂಡಸು ಕಸಬರಿಗೆ ಹಿಡಿದರೆ ಹೆಂಗಸರು ಮೂಗಿನ ಮೇಲೆ ಬೆರಳಿಡುತ್ತಾರೆ. ಗೋಪಣ್ಣ ಕಾಕಾನ ವಿಷಯದಲ್ಲಿ ಮೊದಲು ಬೆರಳಿಟ್ಟವಳು ನಾನೇ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

ಎದುರು ಮನೆಯ ಈ ಕಾಕಾ ಬಸ್ ಸ್ಟ್ಯಾಂಡ್ ಹತ್ತಿರ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು. ನೂರಾರು ಸುತ್ತು ಸುತ್ತಿದರೂ ಎಣಿಕೆ ತಪ್ಪುವುದಿಲ್ಲ. ಹೋದ ಯುಗಾದಿಯ ಮುಂದೆ ಅವನ ಹೆಂಡತಿ ಬಸ್ಸಮ್ಮಕಾಕುವಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಸಿಂಧನೂರಿನ ದವಾಖಾನೆಯವರು ಹದಿನೈದು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಗೋಡೆ ಕಡೆ ಮುಖ ಮಾಡಿ ಮಲಗಿದ ಕಾಕು ಈ ಕಡೆ ತಿರುಗಲೇ ಇಲ್ಲ. ಗಂಜಿ ಹಿಡಿದರೆ ಹಲ್ಲು ಕಚ್ಚುತ್ತಿದ್ದಳು, ಎರಡು ಚಮಚ ಒಳಗೆ ಹೋದರೆ ಪುಣ್ಯ. ಬದುಕುವ ಮನಸ್ಸೇ ಇಲ್ಲದವಳನ್ನು ಹೇಗೆ ಉಳಿಸಿಕೊಳ್ಳುವುದು? ಬಟ್ಟಲು ಹಿಡಿದು ಕೂತ ಕಾಕಾನನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಅವರ ಅಂಗಳಕ್ಕೆ ರಂಗೋಲಿ ಹಾಕುವುದನ್ನು ನಾನು ವಹಿಸಿಕೊಂಡೆ. ಏಳು ಸಾಲು, ಸಾಲಿಗೆ ಏಳು ಚುಕ್ಕಿ, ಕಾಕು ದಿನಾ ಹಾಕುತ್ತಿದ್ದದ್ದೇ. ನನ್ನ ರಂಗೋಲಿಗೆ ಯಾರೂ ಹೆಸರಿಡುವಂತಿಲ್ಲ. ಆದರೆ ತೆರೆದ ಬಾಗಿಲಿನಿಂದ ಕಾಣುವಂತಿದ್ದರೂ ಕಾಕು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ನಾಲ್ಕು ದಿನ ಲಿಂಗಸುಗೂರಿಗೆ, ತವರಿಗೆ ಹೋದೆ. ಬಂದು ನೋಡಿದರೆ ಕಾಕು ಮಲಗುವ ಹೊರಸು ಬಾಗಿಲಿಗೆ ಬಂದಿದೆ. ಕಾಕಾ ಗ್ರೀಸ್ ಮೆತ್ತಿದ ಕೈಯಲ್ಲಿ ರಂಗೋಲಿ ಹಾಕುತ್ತಿದ್ದಾನೆ. ಮೂರನೇ ಸಾಲಿನಲ್ಲಿ ಒಂದು ಚುಕ್ಕಿ ಇಲ್ಲ. ಕಾಕು ಎಡಗೈಯಿಂದ ಹೊರಸಿನ ಕಟ್ಟಿಗೆಯನ್ನು ಕುಟ್ಟಿ, ಬೆರಳು ಮಾಡಿ ತೋರಿಸಿದಳು.

“ಮೊದಲ್ನೇ ದಿನಾನೂ ಹಿಂಗ ತಪ್ಪಿತ್ತು ರೇಣವ್ವ,” ಎಂದ ಕಾಕಾ. “ಈ ಕಡೆ ಹೊಳ್ಳಿ ಟಕಟಕ ಕುಟ್ಟಿದ್ಲು. ಸರಿ ಮಾಡಿದ ಮ್ಯಾಲ ಬಟ್ಟಲ ಗಂಜಿ ಕುಡದ್ಲು.”

ಅಷ್ಟು ಚಂದ ಹಾಕಿದ ನನಗೆ ಸಿಗದ ಮರ್ಯಾದೆ ಈ ಸೊಟ್ಟ ರಂಗೋಲಿಗೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ನಗು ಬಂತು.

ಅಂದಿನಿಂದ ಅದೇ ಅವರ ಸಂಸಾರ. ಬೆಳಗಾದರೆ ಕಸ, ನೀರು, ಚುಕ್ಕಿ, ಆಕೆ ಕುಟ್ಟುವುದು, ಅವನು ತಿದ್ದುವುದು, ಗಂಜಿ. ಕಾಕುವಿಗೆ ಮಾತು ಬರಲಿಲ್ಲ, ಮೈ ಇಳಿಯುತ್ತಲೇ ಹೋಯಿತು.

“ಕಸಾ ಹೊಡದು ಚುಕ್ಕಿ ಇಡೂಮಟ ಎದಿಯಾಗ ಹಗುರ ಇರತೈತಿ,” ಎಂದಿದ್ದ ಕಾಕಾ ಒಮ್ಮೆ. “ಆಮ್ಯಾಲ ಮತ್ತ ಅಂಜಿಕಿ ಚಾಲೂ.”

ನಾನು ಮಾತ್ರ ಓಣಿಯೆಲ್ಲ ಕೇಳುವಂತೆ ಛೇಡಿಸುತ್ತಿದ್ದೆ. “ಕಾಕಾ, ಐದು ತಿಂಗಳಾತು, ಏಳರ ಮಟ ಎಣಸಾಕ ಬರಂಗಿಲ್ಲೇನು ನಿನಗ? ಮೋಟಾರ್ ಹೆಂಗ ಸುತ್ತತಿ?” ಅವನು ತಲೆ ತಗ್ಗಿಸಿ ನಗುತ್ತಿದ್ದ. ಮರುದಿನ ಮತ್ತೊಂದು ಚುಕ್ಕಿ ತಪ್ಪುತ್ತಿತ್ತು.

ದಸರೆ ಮುಗಿದ ಎಂಟು ದಿನಕ್ಕೆ ಲಕ್ವ ಎರಡನೇ ಸಲ ಹೊಡೆಯಿತು. ಸಿಂಧನೂರು ಮುಟ್ಟುವ ಮೊದಲೇ ಕಾಕು ಹೋದಳು.

ಸಾವಾದ ಮನೆಯ ಮುಂದೆ ದಿನಕರ್ಮ ಮುಗಿಯುವ ತನಕ ರಂಗೋಲಿ ಹಾಕುವಂತಿಲ್ಲ. ಕಾಕಾ ಬರೀ ಕಸ ಹೊಡೆದು, ಖಾಲಿ ನೆಲ ನೋಡುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದ. ನಾನು ಬೆಳಿಗ್ಗೆ ಒಯ್ದಿಟ್ಟ ರೊಟ್ಟಿ ಸಂಜೆಗೆ ಹಾಗೇ ಇರುತ್ತಿತ್ತು.

ದಿನಕರ್ಮ ಮುಗಿದ ಮರುದಿನ ಅವನು ಮತ್ತೆ ರಂಗೋಲಿ ಡಬ್ಬಿ ಹಿಡಿದ. ಹಾಕಿ ಎದ್ದ ಮೇಲೆ ನಾನು ಹತ್ತಿರ ಹೋಗಿ ನೋಡಿದೆ. ಏಳು ಸಾಲು, ಸಾಲಿಗೆ ಏಳು. ಎರಡು ಸಲ ಎಣಿಸಿದೆ. ಗೆರೆ ಕೂಡ ಒಂದೂ ಸೊಟ್ಟ ಇರಲಿಲ್ಲ.

“ಇವತ್ತೊಂದೂ ತಪ್ಪಿಲ್ಲಲ್ಲ ಕಾಕಾ,” ಎಂದೆ.

ಅವನು ಬಾಗಿಲಲ್ಲಿ ಹೊರಸು ಇರುತ್ತಿದ್ದ ಜಾಗ ನೋಡಿದ.

“ಮೊದಲ್ನೇ ದಿನ ಒಂದs ಖರೇ ತಪ್ಪಿತ್ತವ್ವ. ಉಳಿದದ್ದೆಲ್ಲ ಆಕಿ ಕುಟ್ಲಿ ಅಂತ ಬಿಟ್ಟದ್ದು. ಇನ್ನ ಯಾರಿಗಂತ ಬಿಡ್ಲಿ?”