ಕಾಕಾ ಚೌಕಿಯಲ್ಲಿ ಕಲಿಸಿದ ಪಾಠ

ನಮ್ಮ ಕಾಕಾನ ಕೈಗಳ ಮೇಲೆ ಸದಾ ಹತ್ತಿಯ ನವಿರು ಅಂಟಿರುತ್ತಿತ್ತು. ಬಲ ಮಣಿಕಟ್ಟಿನ ಸುತ್ತ ಮಾತ್ರ ಕೂದಲಿಲ್ಲದೆ ನುಣ್ಣಗೆ ಹೊಳೆಯುವ ಒಂದು ಪಟ್ಟಿ ಇತ್ತು. ಅದು ಪೊಲೀಸರ ಬೇಡಿ ಕೊರೆದ ಜಾಗ. ಯಾರಾದರೂ ಅದನ್ನೇ ನೋಡುತ್ತಿದ್ದರೆ ಕಾಕಾ ಅಂಗಿಯ ತೋಳು ಕೆಳಗೆ ಎಳೆದುಕೊಳ್ಳುತ್ತಿದ್ದ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹುಟ್ಟು ಕಿವುಡ, ಮಾತಿಲ್ಲ. ಇಚಲಕರಂಜಿಯ ಒಂದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಅವನು ನೇಯುತ್ತಿದ್ದ, ಅಲ್ಲೇ ನಾನು ಲಾಳಿಯೊಳಗಿಡುವ ಕಾಂಡಿಗೆ ನೂಲು ಸುತ್ತುತ್ತಿದ್ದೆ. ಆ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಹಾಗಾಗಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಓಣಿಯಲ್ಲಿ ಕಾಕಾ ಒಬ್ಬನೇ ಕಿವುಡ. ಶೆಡ್ಡಿನೊಳಗೆ ಎಲ್ಲರೂ ಕಿವುಡರು, ಅವನೇ ವಾಚಾಳಿ! ಕೈಸನ್ನೆಯಲ್ಲಿ ಅವನು ಮಾಲಕರ ನಡಿಗೆ ಅಣಕಿಸಿದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವನು ಮಾತ್ರ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ತನ್ನ ಗಂಟಲಿನಿಂದ ಎಂಥದೋ ಸಪ್ಪಳ ಬರುತ್ತದೆ, ಜನ ಬೆಚ್ಚುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಅವನೊಡನೆ ಜಗಳಾಡಿ ಗೆದ್ದವರಿಲ್ಲ. ಬೈಗುಳ ಸಾಕೆನಿಸಿದರೆ ಕಣ್ಣು ಮುಚ್ಚಿಬಿಡುತ್ತಿದ್ದ, ಮುಗಿಯಿತು.

ನನ್ನ ಗದ್ದದ ಮೇಲೆ ಮಚ್ಚೆ ಇದೆ. ತನ್ನ ಗದ್ದ ಮುಟ್ಟಿ ತೋರಿಸಿದನೆಂದರೆ ಅದು ನನ್ನ ಹೆಸರು. ಪಾಳಿ ಮುಗಿದಾಗ ದಿನಾ ಗದ್ದ ಮುಟ್ಟಿ, ಮುಷ್ಟಿಯ ಮೇಲೆ ಅಂಗೈ ಮುಚ್ಚಿ, ಎರಡೂ ಕೈ ಉಜ್ಜಿ, ಬೆರಳುಗಳನ್ನು ಸೂರಿನ ಹಾಗೆ ಜೋಡಿಸುತ್ತಿದ್ದ. ಮಗಳೇ, ಮಗ್ಗ ನಿಂತಿತು, ಕೈ ತೊಳಕೋ, ಮನೆಗೆ ಹೋಗೋಣ ಎಂದರ್ಥ.

ಒಮ್ಮೆ ಬೇರೆ ಶೆಡ್ಡುಗಳ ಮಗ್ಗದವರು ಕೆಲಸ ನಿಲ್ಲಿಸಿ ಸಂಪು ಹೂಡಿದ್ದರು. ಚೌಕದಲ್ಲಿ ಪೊಲೀಸರು ನಿಂತಿದ್ದರು. ಕಾಕಾ ಬುತ್ತಿ ಡಬ್ಬಿ ಹಿಡಿದು ತನ್ನ ಪಾಡಿಗೆ ಹೊರಟಿದ್ದಾನೆ, ಹಿಂದಿನಿಂದ ಒಬ್ಬ ಎಳೆಯ ಕಾನ್‌ಸ್ಟೆಬಲ್ “ಏ, ಥಾಂಬ್! ಥಾಂಬ್ ಮ್ಹಣತೋ ನಾ!” ಎಂದು ಮರಾಠಿಯಲ್ಲಿ ಕೂಗಿದ್ದಾನೆ. ನಿಲ್ಲು ಅಂದರೂ ನಿಲ್ಲದವನ ಸೊಕ್ಕು ಎಷ್ಟು ಎಂದು ಹೆಗಲ ಮೇಲೆ ಲಾಠಿ ಬಿತ್ತು. ಕಾಕಾ ಗಕ್ಕನೆ ತಿರುಗಿ, ನನಗೆ ಕೇಳುವುದಿಲ್ಲ ಎಂದು ಎರಡೂ ಕೈ ಎತ್ತಿ ಹೇಳತೊಡಗಿದ. ಆ ಕೈಗಳನ್ನು ಕಂಡು, ಹೊಡೆಯಲು ಬಂದ ಎಂದುಕೊಂಡ ಅವನು ಬೇಡಿ ಹಾಕಿದ, ಅದೂ ಬೆನ್ನ ಹಿಂದೆ.

ಸುದ್ದಿ ತಿಳಿದು ನಾನು ಪೊಲೀಸ್ ಚೌಕಿಗೆ ಓಡಿದೆ. ಕಾಕಾ ಮೂಲೆಯಲ್ಲಿ ಕೂತಿದ್ದ, ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ಆ ಕಾನ್‌ಸ್ಟೆಬಲ್, “ಹೆಸರ ಕೇಳಿದ್ರ ಹೇಳವಲ್ಲ ನೋಡ್ರಿ” ಎಂದು ನನಗೆ ಕನ್ನಡದಲ್ಲಿ ಹೇಳಿದ.

ನನಗೆ ನೆತ್ತಿಗೇರಿತು. “ನಿನ್ನ ಬಾಯಾಗ ಅರಿವಿ ತುರುಕಿ, ಮಾತಾಡು ಅಂದ್ರ ಮಾತಾಡ್ತೀಯೇನು? ಅವನ ಬಾಯಿ ಬೆನ್ನ ಹಿಂದ ಕಟ್ಟೀರಿ. ಮೊದಲ ಬಿಚ್ಚು!”

ಚೌಕಿಯ ಹವಾಲ್ದಾರರು ಗಡಹಿಂಗ್ಲಜ ಕಡೆಯವರು, ವಯಸ್ಸಾದವರು. ತಾವೇ ಎದ್ದು ಬೇಡಿ ಬಿಚ್ಚಿದರು. “ತಪ್ಪಾತು ತಂಗಿ. ಈ ಪೋರಗೋಳಿಗೆ ಲಾಠಿ ಬೀಸೂದು ಕಲಿಸ್ಯಾರ, ಇದನ್ನ ಯಾರೂ ಕಲಿಸಿಲ್ಲ. ಐತವಾರ ನಿಮ್ಮ ಕಾಕಾನ ಕರಕೊಂಡು ಬಾ. ಕಿವುಡರ ಕೂಡ ಹೆಂಗ ನಡಕೋಬೇಕಂತ ಅವರ ಕಲಿಸಲಿ” ಅಂದರು.

ನಾನು ಅದನ್ನು ಕೈಯಲ್ಲಿ ಹೇಳಿದೆ. ಕಾಕಾ ಕಣ್ಣು ಮುಚ್ಚಿಬಿಟ್ಟ.

ಮಣಿಕಟ್ಟು ಮಾಯುವವರೆಗೂ ಅವನು ಆ ಮಾತೆತ್ತಗೊಡಲಿಲ್ಲ. ಆಮೇಲೊಂದು ದಿನ ಶೆಡ್ಡಿನಲ್ಲಿ, ಸಾಲಾಗಿ ನಿಂತ ನೇಕಾರರ ಕಡೆ ಬೆರಳು ತೋರಿಸಿದ. ತನ್ನ ಕಿವಿ ಮುಟ್ಟಿದ, ಮತ್ತೆ ಅವರನ್ನೇ ತೋರಿಸಿದ. ನಿಜವೇ. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರಿಗೆ ಮನೆಯಲ್ಲಿ ಹೆಂಡತಿ ಕರೆದದ್ದೂ ಕೇಳುತ್ತಿರಲಿಲ್ಲ. ನಾಳೆ ಇವರ ಬೆನ್ನಿಗೂ ಲಾಠಿ ಬೀಳುತ್ತದೆ, ನಡೆ, ಹೋಗೋಣ ಅಂದ.

ಐತವಾರ ಚೌಕಿಯ ಅಂಗಳದಲ್ಲಿ ಕಾಕಾ ಪೊಲೀಸರಿಗೆ ಬೆನ್ನು ಮಾಡಿ ನಿಂತ. ನನ್ನನ್ನು ಕರೆಯಿರಿ ಅಂದ. ಅವರು ಕೂಗಿದರು, ಸೀಟಿ ಊದಿದರು. ಒಬ್ಬ ಬಂದು ಹೆಗಲು ಹಿಡಿದ. ಕಾಕಾ ಅವನ ಕೈಗೆ ಛಟ್ಟನೆ ಒಂದು ಏಟು ಕೊಟ್ಟ. ಮಗ್ಗದ ಮನೆಯಲ್ಲಿ ಯಾರನ್ನೂ ಹಿಂದಿನಿಂದ ಮುಟ್ಟುವಂತಿಲ್ಲ. ಬೆಚ್ಚಿದರೆ ಕೈ ಮಗ್ಗದೊಳಗೆ ಹೋಗುತ್ತದೆ. ಸುತ್ತು ಹಾಕಿ ಎದುರಿಗೆ ಬಂದು, ಖಾಲಿ ಅಂಗೈ ತೋರಿಸಿ, ಆಮೇಲೆ ಮಾತು. ಅದನ್ನೇ ಒಬ್ಬೊಬ್ಬರಿಂದಲೂ ಮಾಡಿಸಿದ. ನಾನು ಬಾಯಿಯಲ್ಲಿ ಹೇಳುತ್ತ ಹೋದೆ. ಪೊಲೀಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು.

ಆಗ ಕಾಕಾ ತನಗೆ ಬೇಡಿ ಹಾಕಿದ್ದ ಆ ಕಾನ್‌ಸ್ಟೆಬಲ್ಲನ್ನೇ ಕರೆದು, ಕೈ ಹಿಂದೆ ಮಾಡಿ, ಹಾಕು ಎಂಬಂತೆ ತಲೆಯಾಡಿಸಿದ. ಅವನು ಬೇಡಿ ಹಾಕಿದ. ನಾನು ಕೈಸನ್ನೆಯಲ್ಲಿ ಕಾಕಾನ ಹೆಸರು ಕೇಳಬೇಕಿತ್ತು, ಹಾಗೆಂದು ಮನೆಯಲ್ಲೇ ಮಾತಾಗಿತ್ತು. ಕೇಳಿದೆ. ಕಾಕಾನ ಹೆಗಲು ಎಳೆದಾಡಿದವು. ಮತ್ತೆ ಕೇಳಿದೆ. ಅವನು ಬಾಯಿ ತೆರೆದ. ಜೀವಮಾನವೆಲ್ಲ ಅಂಗೈಯಿಂದ ಮುಚ್ಚಿಟ್ಟಿದ್ದ ಆ ಸಪ್ಪಳ ಅಷ್ಟು ಜನರ ಮುಂದೆ ಹೊರಬಂತು. ಅಯ್ಯೋ, ಅದನ್ನು ಕೇಳಬಾರದು. ನಗು ನಿಂತುಹೋಯಿತು. ಕಾನ್‌ಸ್ಟೆಬಲ್ ಓಡಿಬಂದು ಬೇಡಿ ಬಿಚ್ಚಿದ.

ಕೆಲವು ಐತವಾರ ಪಾಠ ನಡೆಯಿತು. ಆಮೇಲೆ ಹವಾಲ್ದಾರರಿಗೆ ಗಡಹಿಂಗ್ಲಜಕ್ಕೆ ಬದಲಿಯಾಯಿತು, ಕಲಿತವರೂ ಚೆಲ್ಲಾಪಿಲ್ಲಿಯಾದರು. ಹೊಸದಾಗಿ ಬಂದ ಸಾಹೇಬರು, “ಚೌಕಿ ಅಂದ್ರ ಸಾಲಿಯೇನ್ರಿ, ಪಾಠ ಹೇಳಾಕ?” ಎಂದು ನಮ್ಮನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದರು. ಅಂದಿನಿಂದ ಕಾಕಾ ಚೌಕ ಬಿಟ್ಟು, ಗಟಾರದ ಗುಂಟ ಸುತ್ತು ಹಾಕಿ ಕೆಲಸಕ್ಕೆ ಹೋಗತೊಡಗಿದ. ಅಷ್ಟು ಕಲಿಸಿದವನು ತಾನು ಮಾತ್ರ ಹೆದರಿಕೊಂಡೇ ಉಳಿದ.

ಎಷ್ಟೋ ವರ್ಷಗಳ ಮೇಲೆ, ಹತ್ತಿಯ ಧೂಳು ಎದೆಗಿಳಿದು ಕಾಕಾ ಏದುಸಿರಾದಾಗ ಕೊಲ್ಲಾಪುರದ ಒಂದು ದವಾಖಾನೆಗೆ ಸೇರಿಸಿದೆವು. ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದ. ಗಂಡಸರ ವಾರ್ಡಿನಲ್ಲಿ ಹೆಂಗಸರು ಇರಬಾರದೆಂದು ಸಂಜೆ ನನ್ನನ್ನು ಹೊರಗೆ ಹಾಕಿದರು. ಅವನಿಗೆ ಕೇಳೂದಿಲ್ಲರಿ, ಕೈಲೇ ಮಾತಾಡ್ತಾನ್ರಿ ಎಂದು ನಾನು ಬಡಕೊಂಡೆ. ಹೂಂ ಹೂಂ ಅಂದರು.

ಬೆಳಿಗ್ಗೆ ಒಳಗೆ ಬಿಟ್ಟಾಗ ಕಾಕಾನ ಮುಖದ ಮೇಲೆ ಹೊದಿಕೆ ಎಳೆದಿದ್ದರು. ಮಂಚದ ಎರಡೂ ಬದಿಗೆ ಬ್ಯಾಂಡೇಜ್ ಬಟ್ಟೆಯ ಗಂಟು ಜೋತಾಡುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಒಬ್ಬ ಪೊಲೀಸ ಕೂತು, ಯಾರ ಕಡೆಯೂ ನೋಡದೆ ಕೈಗಳನ್ನು ಆಡಿಸುತ್ತಿದ್ದ. ಮೀಸೆಯಲ್ಲಿ ನರೆ ಬಂದಿತ್ತು, ಆದರೂ ಗುರುತು ಹತ್ತಿತು. ಅಂದು ಬೇಡಿ ಹಾಕಿದವನೇ. ಈಗ ದವಾಖಾನೆ ಗೇಟಿನ ಪಹರೆಗೆ ಹಾಕಿದ್ದರಂತೆ.

“ಸಲಾಯಿನ್ ಸೂಜಿ ಕಿತ್ತುಕೋತಾರಂತ ಕೈ ಕಟ್ಟಿದ್ರು ಅಕ್ಕಾರ” ಅಂದ. “ಆ ದನಿ ಕೇಳಿ ಬಂದೆ. ಅವತ್ತ ಚೌಕಿಯಾಗ ಕೇಳಿದ ದನಿ, ಮರೆಯೋದಲ್ಲ. ಎದುರಿಗೆ ಬಂದು ಅಂಗೈ ತೋರಿಸಿ, ಕೈ ಬಿಚ್ಚಿದೆ. ಏನೋ ಹೇಳಿದ್ರು, ಜೀವ ಹೋಗೂತನಾ ಅದನ್ನ ಹೇಳಿದ್ರು. ನನಗ ತಿಳೀಲಿಲ್ಲರಿ. ನೀವು ಬರೂದರಾಗ ಮರತೇನಂತ, ಹಂಗ ಮಾಡಿಕೋತ ಕುಂತೇನಿ. ನೋಡ್ರಿ.”

ಅವನು ಗದ್ದ ಮುಟ್ಟಿಕೊಂಡ. ಮುಷ್ಟಿಯ ಮೇಲೆ ಅಂಗೈ ಮುಚ್ಚಿದ. ಕೈ ಉಜ್ಜಿದ. ಬೆರಳು ಜೋಡಿಸಿ ಸೂರು ಮಾಡಿದ.

“ಏನಂದ್ರರಿ?” ಎಂದು ಕೇಳಿದ.

ನಾನು ಹೊದಿಕೆ ಸರಿಸಿ ಕಾಕಾನ ಎದುರಿಗೆ ನಿಂತು, ಖಾಲಿ ಅಂಗೈ ತೋರಿಸಿದೆ. ಆಮೇಲೆ, ಹೂಂ ಕಾಕಾ, ನಡಿ ಹೋಗೋಣ ಎಂದು ಕೈಯಲ್ಲಿ ಹೇಳಿದೆ.