ಡಿ ಡ್ರೈವಿನ ಪೂಜಾರಿ

ನಿನ್ನೆ ಮಗಳ ಲ್ಯಾಪ್‌ಟಾಪಿಗೆ ವಿಂಡೋಸಿನ ಜೊತೆಗೆ ಲಿನಕ್ಸ್ ಅನ್ನೋ ಇನ್ನೊಂದು ಸಿಸ್ಟಮ್ ಹಾಕಿಕೊಟ್ಟೆ. ಅದರಲ್ಲಿದ್ದ ಹಳೆಯ ವಿಂಡೋಸ್ ಭಾಗವನ್ನು ಅವಳು ತೆರೆಯಹೋದರೆ 'ನಿಮಗೆ ಅನುಮತಿ ಇಲ್ಲ' ಅಂತ ಬಂತು. ನನಗೆ ಮೊದಲು ನಗು, ಆಮೇಲೆ ನಾಚಿಕೆ. ಯಾಕೆಂದು ಹೇಳುತ್ತೇನೆ, ನಮ್ಮ ಮನೆಯವರಿಗೆ ಮಾತ್ರ ಹೇಳಬೇಡಿ.

ಹಿಂದೆ ಲಗ್ಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಗಿರಾಕಿಗಳ ಪೆನ್‌ಡ್ರೈವಿನ ವೈರಸ್ಸಿಗೆ ರೋಸಿಹೋಗಿ ಲಿನಕ್ಸ್ ಹಾಕಿದೆ. ಹಳೆಯ ಫೈಲುಗಳೆಲ್ಲ ವಿಂಡೋಸಿನ ಡಿ ಡ್ರೈವಿನಲ್ಲೇ ಇದ್ದವು. ಹೊಸದನ್ನೂ ಅಲ್ಲೇ ಇಡಬೇಕೆಂಬುದು ನನ್ನ ಕಾನೂನು. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಅದನ್ನು ತೆರೆಯಲು ಯಜಮಾನನ ಪಾಸ್‌ವರ್ಡ್ ಬೇಕು. ಯಜಮಾನ ಅಂದರೆ ಸಾಕ್ಷಾತ್ ನಾನೇ.

ಟೈಪ್ ಮಾಡುತ್ತಿದ್ದವಳು ಗದಗಿನ ಕಡೆಯ ರೇಣುಕಾ. ಸರ್ಕಾರಿ ಕೆಲಸಕ್ಕೆ ಓದುತ್ತಿದ್ದಳು. ದಿನಾ ಬೆಳಿಗ್ಗೆ, ಕರೆಂಟು ಹೋಗಿ ಬಂದಾಗಲೆಲ್ಲ, "ಸರ, ಡಿ ಡ್ರೈವ್ ತಗದು ಕೊಡ್ರಿ" ಅನ್ನುತ್ತಿದ್ದಳು. ನಾನು ಗರ್ಭಗುಡಿಯ ಬಾಗಿಲು ತೆಗೆಯುವವನಂತೆ ಎದ್ದು ಬಂದು, ಎಡಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತುತ್ತಿದ್ದೆ.

"ಅದರಾಗಿರೋದೆಲ್ಲಾ ನಾನ ಟೈಪ್ ಮಾಡಿದ್ದರೀ. ನನಗ ಯಾಕ ಮುಚ್ಚಿಡ್ತೀರಿ?"

"ನಾಳೆ ಸರಿ ಮಾಡ್ತೀನಿ ಬಿಡಮ್ಮ."

ಸಿಸ್ಟಮ್ಮಿನ ಒಂದು ಫೈಲಿನಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ಯಾರು ಕೂತರೂ ಅದು ತಾನಾಗಿಯೇ ತೆರೆಯುತ್ತಿತ್ತು. ನನಗದು ಗೊತ್ತಿತ್ತು. ಬರೆಯಲಿಲ್ಲ. ಮನೆಯಲ್ಲಿ ಯಾರೂ ಕ್ಯಾರೇ ಅನ್ನದ ಮನುಷ್ಯ ಸ್ವಾಮಿ ನಾನು, ದಿನಕ್ಕೆ ನಾಲ್ಕು ಸಲ ಯಾರಾದರೂ 'ಸರ' ಅಂತ ಕರೆದರೆ ಬಿಡಲಾಗುತ್ತದೆಯೇ?

ಒಂದು ದಿನ ಮಲ್ಲತ್ತಹಳ್ಳಿಯಲ್ಲಿ ಗೃಹಪ್ರವೇಶದ ಊಟ. ಅವತ್ತೇ ಸಂಜೆ ಐದಕ್ಕೆ ರೇಣುಕಾಳ ಅರ್ಜಿಗೆ ಕೊನೆ. ಊರಿಂದ ತಂದು ಸ್ಕ್ಯಾನ್ ಮಾಡಿದ್ದ ಅಂಕಪಟ್ಟಿಗಳು ಡಿ ಡ್ರೈವಿನಲ್ಲಿದ್ದವು, ಅಸಲು ವಾಪಸ್ ಊರಿಗೆ ಹೋಗಿದ್ದವು. ಮಧ್ಯಾಹ್ನ ಕರೆಂಟು ಹೋಯಿತು. ಬಂದಾಗ ಡಿ ಡ್ರೈವಿನ ಬಾಗಿಲು ಮುಚ್ಚಿತ್ತು. ಅವಳು ಫೋನಿನ ಮೇಲೆ ಫೋನು ಮಾಡಿದಳು. ನನ್ನ ಫೋನು ಸೈಲೆಂಟಿನಲ್ಲಿತ್ತು, ನಾನು ಮೂರನೇ ಹೋಳಿಗೆಯಲ್ಲಿದ್ದೆ.

ತಾಂಬೂಲದ ಚೀಲ ಹಿಡಿದು ಅಂಗಡಿಗೆ ಬಂದಾಗ ಆರು ಗಂಟೆ. ಅರ್ಜಿಯ ಹೊತ್ತು ಮೀರಿತ್ತು. ಬಾಯಿಗೆ ಬಂದಂತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕುರ್ಚಿ ಪಕ್ಕಕ್ಕೆ ಸರಿಸಿ, "ಈಗ ತಗೀರಿ ಸರ, ನಾಳೆ ಲಗ್ನಪತ್ರಿಕಿ ಕೊಡೋದೈತಿ" ಅಂದಳು.

ಆ ಸಾಲನ್ನು ಅವತ್ತೇ ಬರೆದೆ. ಎರಡು ನಿಮಿಷ ಹಿಡಿಯಿತು. ಮುಂದಿನ ತಿಂಗಳು ರೇಣುಕಾ ಕೆಲಸ ಬಿಟ್ಟಳು.

ನಿನ್ನೆ ಕೀಬೋರ್ಡನ್ನು ಮಗಳ ಕಡೆ ತಿರುಗಿಸಿ, ಸಾಲನ್ನು ಹೇಳಿಕೊಟ್ಟು ಅವಳ ಕೈಯಲ್ಲೇ ಬರೆಸಿದೆ. ಡ್ರೈವ್ ತೆರೆಯಿತು.

"ಅಪ್ಪಾ, ಇಷ್ಟೇನಾ?"

"ಇಷ್ಟೇ ಕಣೇ" ಅಂದೆ.